‘ನೆಟ್‌ನಲ್ಲಿ ಏನೂ ಇಲ್ಲ’ ಅನ್ನುವ ಮೊದಲು: ಹುಡುಕಾಟದ ಚಿಹ್ನೆಗಳು ಎಲ್ಲಿ ಕೈಕೊಡುತ್ತವೆ, ಹೇಗೆ ಸರಿಪಡಿಸುವುದು

“ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ನೆಟ್‌ನಲ್ಲಿ ಏನೂ ಇಲ್ಲ ದೊಡ್ಡಮ್ಮ.” ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡ ಎಂ.ಎ. ಓದುತ್ತಿರುವ ನನ್ನ ತಂಗಿಯ ಮಗಳು ಹೋದ ತಿಂಗಳು ಹೀಗೆ ಹೇಳಿದಾಗ ನನಗೆ ಚುರುಕ್ಕೆಂದಿತು. ಹಗಲೆಲ್ಲ ಹೋಟೆಲಿನಲ್ಲಿ ಲೋಟ-ಬಸಿ ತೊಳೆದು, ಸಂಜೆ ಕೈ ಒರೆಸಿಕೊಂಡು ಫೋರ್ಟಿನ ಶಾಲೆಗೆ ಓಡಿ, ಮೆಟ್ರಿಕ್ ಮುಗಿಸಿದ ಹುಡುಗರ ಊರು ಇದು. ನಮ್ಮಪ್ಪನೂ ಅವರಲ್ಲೊಬ್ಬರು. ಅಂಥವರ ಬಗ್ಗೆ ಯಾರೂ ಎಲ್ಲೂ ಒಂದು ಸಾಲೂ ಬರೆದಿಲ್ಲ ಅಂದರೆ ನಂಬುವುದು ಹೇಗೆ?

ಫೋನು ಇಸಿದುಕೊಂಡು ಅವಳು ಹಾಕಿದ್ದ ಸಾಲು ನೋಡಿದೆ. ಇದ್ದಂತೆಯೇ ಇಲ್ಲಿ ಕೊಡುತ್ತೇನೆ (ಕೊನೆಯ ಆಜ್ಞೆಯನ್ನು ಮಾತ್ರ ಕನ್ನಡ ಅಕ್ಷರಕ್ಕೆ ತಂದಿದ್ದೇನೆ):

"ಮುಂಬೈ ಕನ್ನಡ ರಾತ್ರಿ ಶಾಲೆಗಳು" – ಬೆಂಗಳೂರು ಫೈಲ್‌ಟೈಪ್: ಪಿಡಿಎಫ್

ಈ ಒಂದೇ ಸಾಲಿನಲ್ಲಿ ಐದು ದೋಷಗಳಿವೆ. ಒಂದೂ ಅವಳ ದಡ್ಡತನದ್ದಲ್ಲ, ಎಲ್ಲರೂ ದಿನಾ ಮಾಡುವಂಥವೇ. ಮಾಟುಂಗದ ಒಂದು ಕನ್ನಡ ಗ್ರಂಥಾಲಯದಲ್ಲಿ ಸಂಜೆ ಹೊತ್ತು ಪುಸ್ತಕಪಟ್ಟಿ ನೋಡಿಕೊಳ್ಳುವ ನಾನು ಓದುಗರ ಫೋನುಗಳಲ್ಲಿ ಇವನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅದಕ್ಕೇ ಇವನ್ನು ಒಂದೊಂದಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಸೈಟ್ (ಒಂದೇ ತಾಣದೊಳಗೆ ಹುಡುಕಲು), ಫೈಲ್‌ಟೈಪ್ (ಒಂದೇ ಬಗೆಯ ಕಡತ ಹುಡುಕಲು), ಇನ್‌ಟೈಟಲ್ (ಪುಟದ ಶೀರ್ಷಿಕೆಯಲ್ಲಿ ಹುಡುಕಲು) ಮುಂತಾದ ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಹುಡುಕುವಾಗ ಇವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಕನ್ನಡದಲ್ಲಿ ಟೈಪ್ ಮಾಡಿದರೆ ಅದು ಆಜ್ಞೆಯಾಗುವುದಿಲ್ಲ, ಇನ್ನೊಂದು ಹುಡುಕುಪದವಾಗಿ ಸೇರಿಕೊಳ್ಳುತ್ತದೆ. ಕನ್ನಡ ಕೀಬೋರ್ಡಿನಲ್ಲಿ ಟೈಪ್ ಮಾಡುತ್ತಿದ್ದವರು ಮಧ್ಯದಲ್ಲಿ ಭಾಷೆ ಬದಲಿಸಲು ಮರೆಯುವುದೇ ಎಷ್ಟೋ ಸಲ ಮೂಲ ದೋಷ.

ಮೊದಲ ಪರೀಕ್ಷೆ: ಎಲ್ಲ ಕಳಚಿ, ಒಂದೊಂದೇ ಹಾಕಿ

ಮನೆಯಲ್ಲಿ ಫ್ಯೂಸ್ ಹೋದರೆ ವಯರ್‌ಮನ್ ಏನು ಮಾಡುತ್ತಾನೆ? ಎಲ್ಲ ಸ್ವಿಚ್ ಆರಿಸಿ, ಒಂದೊಂದನ್ನೇ ಹಾಕುತ್ತ ಬರುತ್ತಾನೆ. ಯಾವುದನ್ನು ಹಾಕಿದಾಗ ಮತ್ತೆ ಹೋಯಿತೋ ದೋಷ ಅಲ್ಲೇ. ಹುಡುಕಾಟದಲ್ಲೂ ಹಾಗೇ ಮಾಡಿ. ಉದ್ಧರಣ ಚಿಹ್ನೆ, ಗೆರೆ, ಆಜ್ಞೆ ಎಲ್ಲ ತೆಗೆದು ಬರೀ ಎರಡು ಮೂರು ಪದ ಇಟ್ಟು ಹುಡುಕಿ. ಫಲಿತಾಂಶ ಬಂದರೆ ಸರಕು ಇದೆ, ನಮ್ಮ ಚಿಹ್ನೆಗಳೇ ಅಡ್ಡ ಬರುತ್ತಿದ್ದವು ಎಂದರ್ಥ. ಆಮೇಲೆ ಒಂದೊಂದೇ ಚಿಹ್ನೆ ಸೇರಿಸುತ್ತ ಹೋಗಿ.

ಸಿಗದಿದ್ದಾಗ ನಮ್ಮ ಕೈ ಹೋಗುವುದು ಇನ್ನೊಂದು ಪದ ಸೇರಿಸುವ ಕಡೆಗೆ. ಪದ ಸೇರಿದಷ್ಟೂ ಬಲೆಯ ಕಣ್ಣು ಕಿರಿದಾಗುತ್ತದೆ. ಗೂಗಲ್ 32 ಪದಗಳಾಚೆಗೆ ಓದುವುದೂ ಇಲ್ಲ, ಆದ್ದರಿಂದ ಇಡೀ ಪ್ಯಾರಾ ಅಂಟಿಸಿ ಹುಡುಕುವವರ ಕೊನೆಯ ಸಾಲುಗಳು ಲೆಕ್ಕಕ್ಕೇ ಬರುವುದಿಲ್ಲ.

ಕಣ್ಣಿಗೆ ಬೀಳದ ಜಾಗ ಮತ್ತು ಗೆರೆ

ಅವಳ ಸಾಲಿನ ಕೊನೆ ನೋಡಿ: ‘ಫೈಲ್‌ಟೈಪ್: ಪಿಡಿಎಫ್’. ವಿವರಣಚಿಹ್ನೆಯ (:) ಮುಂದೆ ಒಂದು ಖಾಲಿ ಜಾಗ ಇದೆ. ಆ ಒಂದು ಜಾಗದಿಂದ ಆಜ್ಞೆ ಮುರಿಯಿತು. ‘ಫೈಲ್‌ಟೈಪ್:ಪಿಡಿಎಫ್’ ಎಂದು ಅಂಟಿಕೊಂಡೇ ಇರಬೇಕು, ‘ಸೈಟ್:’ ಆಜ್ಞೆಗೂ ಅದೇ ನಿಯಮ. ಹೀಗಾಗುವುದರಲ್ಲಿ ಫೋನಿನ ಪಾಲೂ ಇದೆ. ಕೀಬೋರ್ಡ್ ಮೇಲೆ ತೋರಿಸುವ ಪದವನ್ನು ಒತ್ತಿ ಆರಿಸಿದರೆ ಅದು ತಾನಾಗಿ ಒಂದು ಜಾಗ ಬಿಡುತ್ತದೆ. ಬೆರಳಿಟ್ಟು ಆ ಜಾಗ ಅಳಿಸಿ.

ಎರಡನೆಯದು ‘ಬೆಂಗಳೂರು’ ಪದದ ಹಿಂದಿನ ಗೆರೆ. ಬೆಂಗಳೂರಿನ ಪುಟಗಳು ಬೇಡ ಎಂದು ಅವಳು ಹಾಕಿದ್ದಳು. ಆದರೆ ಅದು ಕೀಲಿಮಣೆಯ ಸಾದಾ ಅಡ್ಡಗೆರೆ ಅಲ್ಲ. ವಾಟ್ಸ್‌ಆಪ್‌ನಲ್ಲಿ ಗೆಳತಿ ಕಳಿಸಿದ ಸಾಲನ್ನು ಇವಳು ನಕಲು ಮಾಡಿದ್ದಳು, ಬರುವ ದಾರಿಯಲ್ಲಿ ಎಲ್ಲೋ ಗೆರೆ ಉದ್ದವಾಗಿತ್ತು. ವರ್ಡ್‌ನಲ್ಲಿ ಟೈಪ್ ಮಾಡಿದರೂ, ಐಫೋನಿನಲ್ಲಿ ಎರಡು ಗೆರೆ ಒತ್ತಿದರೂ ಹೀಗೆ ತಾನಾಗಿ ಉದ್ದವಾಗುವುದುಂಟು. ಸಾಲದ್ದಕ್ಕೆ ಗೆರೆಗೂ ಪದಕ್ಕೂ ಮಧ್ಯೆ ಜಾಗ ಬೇರೆ. ಆಗ ಗೂಗಲ್ ಗೆರೆಯನ್ನು ಬಿಟ್ಟು ‘ಬೆಂಗಳೂರು’ ಎಂಬ ಪದವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಯಾವ ಊರು ಬೇಡ ಎಂದಳೋ ಅದೇ ಊರನ್ನು ಕರೆದಂತಾಯಿತು! ಸರಿಯಾದ ರೂಪ: ಗೆರೆಯ ಹಿಂದೆ ಜಾಗ, ಮುಂದೆ ಜಾಗವಿಲ್ಲ.

ರಾತ್ರಿಶಾಲೆ -ಬೆಂಗಳೂರು

ಉದ್ಧರಣ ಚಿಹ್ನೆಗಳದ್ದೂ ಇದೇ ಕತೆ. ಬಾಗಿದ ಅಲಂಕಾರದ ಚಿಹ್ನೆ ಅಂಟಿಸಿದ್ದರೆ ಅಳಿಸಿ, ನೇರ ಚಿಹ್ನೆಯನ್ನೇ ಕೈಯಾರೆ ಒತ್ತಿ. ಸಂಶಯ ಬಂದಾಗ ಇಡೀ ಸಾಲನ್ನು ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುವ ಕೆಲಸ.

ಪರದೆ ಹೇಳುತ್ತಿರುವುದನ್ನು ಓದಿ

ಉದ್ಧರಣ ಚಿಹ್ನೆಯೊಳಗಿನ ಪದಗಳು ಅದೇ ಕ್ರಮದಲ್ಲಿ ಎಲ್ಲೂ ಸಿಗದಿದ್ದರೆ ಗೂಗಲ್ ಸುಮ್ಮನಿರುವುದಿಲ್ಲ. ಚಿಹ್ನೆ ಕಿತ್ತು ಹುಡುಕಿದ ಫಲಿತಾಂಶಗಳನ್ನು ಕೆಳಗೆ ಕೊಟ್ಟು, ಮೇಲೆ ಒಂದು ಸಾಲಿನಲ್ಲಿ ಹಾಗೆಂದು ಹೇಳುತ್ತದೆ. ಫೋನಿನಲ್ಲಿ ಆ ಸಾಲು ಹೆಬ್ಬೆರಳ ಒಂದು ತಳ್ಳಿಗೆ ಮೇಲೆ ಸರಿದುಹೋಗುತ್ತದೆ. ತಂಗಿಯ ಮಗಳು ಅರ್ಧ ಗಂಟೆ ಓದಿದ್ದು ತಾನು ಕೇಳದೆ ಇದ್ದ ಪುಟಗಳನ್ನು.

ಇನ್ನೊಂದು ಸೂಚನೆ ಫಲಿತಾಂಶದ ಅಡಿಯಲ್ಲಿ ಇರುತ್ತದೆ. ನೀವು ಕೊಟ್ಟ ಒಂದು ಪದದ ಮೇಲೆ ಅಡ್ಡಗೆರೆ ಎಳೆದು ‘ಇದು ಈ ಪುಟದಲ್ಲಿಲ್ಲ’ ಎಂದು ತೋರಿಸಿರುತ್ತದೆ. ಆ ಪದ ಇರಲೇಬೇಕಾದರೆ ಅದೊಂದಕ್ಕೇ ಉದ್ಧರಣ ಚಿಹ್ನೆ ಹಾಕಿ. ಮೂರನೆಯದು, ನಿಮ್ಮ ಕಾಗುಣಿತವನ್ನು ತಾನೇ ತಿದ್ದಿ ‘ಇದನ್ನು ಹುಡುಕುತ್ತಿದ್ದೇನೆ’ ಅನ್ನುವ ಸಾಲು. ಊರಿನ ಹೆಸರು, ಮನೆತನದ ಹೆಸರು ಹುಡುಕುವಾಗ ಈ ತಿದ್ದುಪಡಿ ಬಹಳ ಕಾಡುತ್ತದೆ. ಫಲಿತಾಂಶದ ಪುಟದ ಪರಿಕರಗಳಲ್ಲಿ ‘ವರ್ಬೇಟಿಮ್’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ನೀವು ಬರೆದದ್ದನ್ನು ಬರೆದಂತೆಯೇ ಹುಡುಕುತ್ತದೆ.

ಕನ್ನಡದ್ದೇ ಆದ ದೋಷಗಳು

ಇಲ್ಲಿಯವರೆಗಿನದು ಯಾವ ಭಾಷೆಯವರಿಗೂ ಬರುವ ತೊಂದರೆ. ನಮಗೆ ನಿಜವಾಗಿ ಪೆಟ್ಟು ಬೀಳುವುದು ಇಲ್ಲಿಂದ ಮುಂದೆ. ಇಂಗ್ಲಿಷಿನಲ್ಲಿ ಬರೆದ ಸಹಾಯಪುಟಗಳಲ್ಲಿ ಇದರ ಸುಳಿವೂ ಇರುವುದಿಲ್ಲ.

ಮೊದಲು ಈ ಊರಿನ ಹೆಸರನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಪತ್ರಿಕೆಗಳು ಹೆಚ್ಚಾಗಿ ‘ಮುಂಬೈ’ ಎನ್ನುತ್ತವೆ. ಇಲ್ಲಿಯ ಕನ್ನಡ ಲೇಖಕರಲ್ಲಿ ಬಹಳ ಮಂದಿ ಬರೆಯುವುದು ‘ಮುಂಬಯಿ’. 1995ರಲ್ಲಿ ಅಧಿಕೃತ ಹೆಸರು ಬದಲಾಗುವ ಮುಂಚಿನ ಬರಹಗಳಲ್ಲಿ ‘ಬೊಂಬಾಯಿ’, ‘ಬಾಂಬೆ’. ಉದ್ಧರಣ ಚಿಹ್ನೆಯೊಳಗೆ ‘ಮುಂಬೈ’ ಹಾಕಿ ಹುಡುಕಿದ ತಂಗಿಯ ಮಗಳು ಈ ಊರಿನಲ್ಲೇ ಕೂತು ಈ ಊರಿನವರು ಬರೆದದ್ದನ್ನೇ ಹೊರಗಿಟ್ಟಿದ್ದಳು. ಮಾಟುಂಗ, ಮಾಟುಂಗಾ, ಅಸೋಸಿಯೇಷನ್, ಅಸೋಸಿಯೇಶನ್: ಇವೂ ಹಾಗೆಯೇ. 1926ರಲ್ಲಿ ಶುರುವಾದ ಮಾಟುಂಗದ ಮೈಸೂರು ಅಸೋಸಿಯೇಷನ್ ಬಗ್ಗೆ ಹುಡುಕುವವರು ಷ, ಶ ಎರಡರಲ್ಲೂ ಹುಡುಕಲೇಬೇಕು.

ಇದಕ್ಕೆ ಮದ್ದು ‘ಅಥವಾ’ ಆಜ್ಞೆ. ಅದನ್ನು ಇಂಗ್ಲಿಷಿನ ಓ, ಆರ್ ಎಂಬ ಎರಡು ದೊಡ್ಡಕ್ಷರಗಳಲ್ಲಿ ಬರೆಯಬೇಕು. ಸಣ್ಣಕ್ಷರ ಆದರೆ ಅದು ಮಾಮೂಲಿ ಪದ. ಕನ್ನಡದಲ್ಲಿ ‘ಅಥವಾ’ ಎಂದರೂ ಅಷ್ಟೇ. ಭಾಷೆ ಬದಲಿಸುವ ತಾಪತ್ರಯ ಬೇಡವೆಂದು ನಾನು ನಿಲುಗೆರೆ ಬಳಸುತ್ತೇನೆ. ಫೋನಿನಲ್ಲಿ ಅದು ಚಿಹ್ನೆಗಳ ಎರಡನೇ ಪುಟದಲ್ಲಿರುತ್ತದೆ, ಕೆಲಸ ಒಂದೇ.

ಮುಂಬಯಿ | ಮುಂಬೈ | ಬೊಂಬಾಯಿ "ರಾತ್ರಿ ಶಾಲೆ" | ರಾತ್ರಿಶಾಲೆ

ಈ ಸಾಲಿನಲ್ಲೇ ಮುಂದಿನ ದೋಷವೂ ಕಾಣುತ್ತದೆ. ನಾವು ಸಮಾಸಪದವನ್ನು ಒಮ್ಮೆ ಬಿಡಿಸಿ ಬರೆಯುತ್ತೇವೆ, ಒಮ್ಮೆ ಕೂಡಿಸಿ. ‘ರಾತ್ರಿ ಶಾಲೆ’ ಎರಡು ಪದ, ‘ರಾತ್ರಿಶಾಲೆ’ ಒಂದು. ಓದುಗನಿಗೆ ವ್ಯತ್ಯಾಸವೇ ಇಲ್ಲ, ಯಂತ್ರಕ್ಕೆ ಇದೆ. ಜತೆಗೆ ‘ನೈಟ್ ಹೈಸ್ಕೂಲ್’ ಎಂದೂ ಜನ ಬರೆಯುತ್ತಾರೆ. ಅಪ್ಪನಂತೂ ಯಾವತ್ತೂ ‘ನೈಟ್ ಸ್ಕೂಲು’ ಎಂದೇ ಹೇಳುತ್ತಿದ್ದರು.

ಆಮೇಲೆ ವಿಭಕ್ತಿ. ಇದನ್ನು ಸ್ವಲ್ಪ ನಿಂತು ನೋಡಬೇಕು. ಅವಳು "ರಾತ್ರಿ ಶಾಲೆಗಳು" ಎಂದು ಚಿಹ್ನೆಯೊಳಗೆ ಹಾಕಿದ್ದಳು. ಒಂದು ಬಾಳಚಿತ್ರದಲ್ಲೋ ಶ್ರದ್ಧಾಂಜಲಿಯಲ್ಲೋ ಯಾರಾದರೂ ‘ರಾತ್ರಿ ಶಾಲೆಗಳು’ ಎಂದು ಬರೆಯುತ್ತಾರೆಯೇ? ಅವರು ಬರೆಯುವುದು ‘ರಾತ್ರಿ ಶಾಲೆಯಲ್ಲಿ ಓದಿ’, ‘ರಾತ್ರಿ ಶಾಲೆಗೆ ಸೇರಿ’. ಪ್ರತ್ಯಯ ಅಂಟಿದ ಪದ ಯಂತ್ರಕ್ಕೆ ಬೇರೆಯೇ ಪದ. ಚಿಹ್ನೆ ಇಲ್ಲದಿದ್ದರೆ ಅದು ಅಷ್ಟಿಷ್ಟು ಊಹಿಸಿಕೊಂಡೀತು, ಚಿಹ್ನೆಯೊಳಗೆ ಕಟ್ಟಿಹಾಕಿದ ಮೇಲೆ ಆ ಊಹೆಗೆ ದಾರಿಯಿಲ್ಲ. ಇಲ್ಲಿ ನಕ್ಷತ್ರ ಚಿಹ್ನೆ ಸಹಾಯಕ್ಕೆ ಬರುತ್ತದೆಂದು ಅನೇಕರು "ಶಾಲೆ*" ಎಂದು ಹಾಕುತ್ತಾರೆ. ಬರುವುದಿಲ್ಲ. ಗೂಗಲ್‌ನಲ್ಲಿ ನಕ್ಷತ್ರ ನಿಲ್ಲುವುದು ಇಡೀ ಪದಗಳ ಜಾಗದಲ್ಲಿ, ಪದದ ಬಾಲದ ಜಾಗದಲ್ಲಿ ಅಲ್ಲ. "ಕನ್ನಡ * ಶಾಲೆ" ಎಂದರೆ ಮಧ್ಯೆ ರಾತ್ರಿ, ಮಾಧ್ಯಮ, ಪ್ರಾಥಮಿಕ ಏನಿದ್ದರೂ ಹಿಡಿದೀತು. ಪ್ರತ್ಯಯ ನಾವೇ ಬರೆಯಬೇಕು.

ಆದ್ದರಿಂದ ನಿಘಂಟಿನ ರೂಪ ಬಿಟ್ಟು, ಬರೆದವರ ವಾಕ್ಯವನ್ನು ಊಹಿಸಿ ಅದನ್ನೇ ಹುಡುಕಿ. "ರಾತ್ರಿ ಶಾಲೆಯಲ್ಲಿ" ಎಂದು ಸಪ್ತಮಿ ವಿಭಕ್ತಿ ಹಾಕಿ, ಹೊರಗೆ ಮುಂಬಯಿ, ಹೋಟೆಲ್ ಎಂಬ ಎರಡು ಪದ ಇಟ್ಟೆವು. ಪರದೆ ತುಂಬಿತು. ಹೋಟೆಲ್ ಉದ್ಯಮಿಗಳ ಪರಿಚಯ, ಸನ್ಮಾನದ ವರದಿ, ಯಾರದೋ ನೆನಪು. ಒಂದು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ.

ಇನ್ನು ಕಣ್ಣಿಗೇ ಮೋಸ ಮಾಡುವ ಒಂದು ದೋಷ. ಈ ಎರಡು ಪದ ನೋಡಿ: ಮುಂಬಯಿ, ಮು೦ಬಯಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ಹಾಗೆಯೇ ‘ಕರ್ನಾಟಕ’ಕ್ಕೆ ಬದಲು ‘ಕನಾ೯ಟಕ’ ಎಂದು ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಇಟ್ಟಿರುವ ಪುಟಗಳೂ ಇವೆ. ಹಳೆಯ ಬರಹಗಳಲ್ಲಿ, ಅವಸರದ ಟೈಪಿಂಗ್‌ನಲ್ಲಿ ಇದು ಧಾರಾಳ. ಪುಟ ಕಣ್ಣೆದುರೇ ಇದೆ, ಅದರೊಳಗೆ ಪದ ಹುಡುಕಿದರೆ ಸೊನ್ನೆ ಫಲ ಬರುತ್ತಿದೆ ಎಂದರೆ ಆ ಪದವನ್ನು ಪುಟದಿಂದ ನಕಲು ಮಾಡಿ ಹುಡುಕುಪೆಟ್ಟಿಗೆಗೆ ಅಂಟಿಸಿ. ಅಂಟಿಸಿದ್ದು ಸಿಕ್ಕಿ, ಟೈಪ್ ಮಾಡಿದ್ದು ಸಿಗದಿದ್ದರೆ ರೋಗ ಇದೇ. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಒತ್ತು ಬೀಳದಂತೆ ನಡುವೆ ಹಾಕುವ ಕಾಣದ ಅಕ್ಷರದಿಂದಲೂ ಕೆಲವು ಕಡೆ ಇದೇ ತೊಂದರೆ. ಇಸವಿಗಳನ್ನು 1954 ಮತ್ತು ೧೯೫೪ ಎರಡು ರೀತಿಯಲ್ಲೂ ಹುಡುಕಿ.

ಎಲ್ಲಕ್ಕಿಂತ ದೊಡ್ಡ ಗೋಡೆ ಹಳೆಯ ಫಾಂಟು. ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರಸಂಕೇತ, ಅಂದರೆ ಯೂನಿಕೋಡ್, ರೂಢಿಗೆ ಬರುವ ಮೊದಲು ನುಡಿ, ಶ್ರೀಲಿಪಿ ಮುಂತಾದ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತುಗಳ ರಾಶಿ. ಸಂಘಗಳ ಎಷ್ಟೋ ವಾರ್ಷಿಕ ವರದಿ, ಸ್ಮರಣ ಸಂಚಿಕೆಗಳ ಪಿಡಿಎಫ್‌ಗಳು ಹೀಗೇ ಇವೆ. ಪರೀಕ್ಷೆ ಸುಲಭ: ಒಂದು ಸಾಲು ನಕಲು ಮಾಡಿ ವಾಟ್ಸ್‌ಆಪ್‌ಗೆ ಅಂಟಿಸಿ. ಕನ್ನಡ ಬಂದರೆ ಸರಿ, ಗೊಂದಲದ ಅಕ್ಷರ ಬಂದರೆ ಹಳೆಯ ಫಾಂಟು, ನಕಲೇ ಆಗದಿದ್ದರೆ ಅದು ಬರೀ ಚಿತ್ರ. ಚಿತ್ರದಿಂದ ಅಕ್ಷರ ಬಿಡಿಸುವ ತಂತ್ರಜ್ಞಾನ ಇದ್ದರೂ ಹಳೆ ಮೊಳೆ ಅಚ್ಚಿನ ಒತ್ತಕ್ಷರಗಳಲ್ಲಿ ಅದು ಎಡವುತ್ತದೆ. ಇಂಥ ಕಡತಕ್ಕೆ ಕನ್ನಡದ ಬಾಗಿಲು ಮುಚ್ಚಿದೆ, ಇಂಗ್ಲಿಷ್ ಕಿಟಕಿಯಿಂದ ಹೋಗಬೇಕು. ಸಂಸ್ಥೆಯ ಇಂಗ್ಲಿಷ್ ಹೆಸರು, ಇಸವಿ, ‘ಫೈಲ್‌ಟೈಪ್:ಪಿಡಿಎಫ್’. ಹಳೆಯ ಪುಸ್ತಕ, ಪುಟಗಳನ್ನು ಉಳಿಸಿಡುವ ಇಂಟರ್ನೆಟ್ ಆರ್ಕೈವ್ ತಾಣದಲ್ಲಿರುವ ಕನ್ನಡ ಪುಸ್ತಕಗಳಲ್ಲೂ ಅನೇಕದರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ದಾಖಲಿಸಿದ್ದಾರೆ. ಅಲ್ಲಿ ಕನ್ನಡದಲ್ಲಿ ಕೇಳಿ ‘ಇಲ್ಲ’ ಅನ್ನಿಸಿಕೊಂಡು ವಾಪಸು ಬರಬೇಡಿ.

‘ಬೇಡ’ ಅಂದದ್ದು ಹೆಚ್ಚಾದಾಗ

ಅಡ್ಡಗೆರೆ ಸರಿಯಾಗಿ ಹಾಕಿದ ಮೇಲೂ ಒಂದು ಅಪಾಯ ಇದೆ. ‘-ಬೆಂಗಳೂರು’ ಎಂದರೆ ಬೆಂಗಳೂರಿನ ಬಗ್ಗೆ ಇರುವ ಪುಟಗಳು ಮಾತ್ರ ಹೋಗುವುದಿಲ್ಲ, ಆ ಪದ ಒಂದು ಸಲ ಬಂದ ಪುಟವೂ ಹೋಗುತ್ತದೆ. ಮುಂಬಯಿಯಲ್ಲಿ ಓದಿದವರು ಆಮೇಲೆ ಬೆಂಗಳೂರು ಸೇರಿದರು ಎಂಬ ಒಂದು ವಾಕ್ಯ ಸಾಕು, ಇಡೀ ಲೇಖನ ಮಾಯ. ನಾನು ಅಡ್ಡಗೆರೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಒಂದು ನಿರ್ದಿಷ್ಟ ತಾಣವೇ ಫಲಿತಾಂಶ ತುಂಬಿ ಕಾಡುತ್ತಿದ್ದರೆ ‘-ಸೈಟ್:’ ಎಂದು ಆ ತಾಣವನ್ನು ಮಾತ್ರ ತೆಗೆಯುವುದು ಮೇಲು. ಗೂಗಲ್ ಬದಲು ಡಕ್‌ಡಕ್‌ಗೋ ಹುಡುಕುತಾಣ ಬಳಸುವವರು ಗಮನಿಸಿ: ಅಲ್ಲಿ ಅಡ್ಡಗೆರೆಯ ಅರ್ಥ ‘ಕಡಿಮೆ ಮಾಡು’ ಎಂದು, ‘ಪೂರ್ತಿ ತೆಗೆ’ ಎಂದಲ್ಲ.

ತಾಣ, ತಾರೀಖು

‘ಸೈಟ್:’ ಆಜ್ಞೆಯಲ್ಲಿ ತಪ್ಪುವುದು ಹೆಚ್ಚಾಗಿ ವಿಳಾಸ. ಮಹಾನಗರಪಾಲಿಕೆಯನ್ನು ಊರೆಲ್ಲ ಬಿಎಂಸಿ ಎನ್ನುತ್ತದೆ, ಆದರೆ ಅದರ ಪೋರ್ಟಲ್ಲಿನ ವಿಳಾಸದಲ್ಲಿ ನಾನು ಬಳಸುತ್ತ ಬಂದಿರುವುದು ಎಂಸಿಜಿಎಂ ಎಂಬ ಅಕ್ಷರ. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲೊಂದು. ಆ ಶಾಲೆಗಳ ಪಟ್ಟಿ ಹುಡುಕುವವರು ವಿಳಾಸ ಊಹಿಸುವ ಬದಲು ಗವ್.ಇನ್ ಎಂದು ಮುಗಿಯುವ ಸರ್ಕಾರಿ ತಾಣಗಳಷ್ಟನ್ನೂ ಒಟ್ಟಿಗೆ ಹಿಡಿಯುವ ‘ಸೈಟ್:ಗವ್.ಇನ್’ ಹಾಕಿ, ಪದಗಳನ್ನು ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಕೊಡಿ. ಮಹಾರಾಷ್ಟ್ರದ ಸರ್ಕಾರಿ ಆದೇಶಗಳ ಭಾಷೆ ಮರಾಠಿ. ಅಲ್ಲಿ ಕನ್ನಡದಲ್ಲಿ ಹುಡುಕಿ ನಿರಾಶರಾಗುವುದು ಬೇಡ.

‘ಬಿಫೋರ್:’, ‘ಆಫ್ಟರ್:’ ಎಂಬ ತಾರೀಖಿನ ಆಜ್ಞೆಗಳನ್ನು ಗೂಗಲ್ 2019ರಲ್ಲಿ ತಂದಿತು. ಇವು ನೋಡುವುದು ಪುಟ ಪ್ರಕಟವಾದ ತಾರೀಖನ್ನು, ಪುಟದೊಳಗಿನ ಸಂಗತಿಯ ಕಾಲವನ್ನಲ್ಲ. 1960ರ ದಶಕದ ಶಾಲೆಗಳು ಬೇಕೆಂದು ‘ಬಿಫೋರ್:1970’ ಹಾಕಿದರೆ ಹೆಚ್ಚೇನೂ ಬರಲಾರದು, ಆಗ ವೆಬ್ಬೇ ಇರಲಿಲ್ಲ. ಇಸವಿಯನ್ನು ಮಾಮೂಲಿ ಪದವಾಗಿ ಹುಡುಕಿ.

ಸತ್ತುಹೋದ ಆಜ್ಞೆಗಳು

ಹಳೆಯ ಪುಸ್ತಕ ನೋಡಿ ಕಲಿತವರು ಇನ್ನೂ ಪದದ ಹಿಂದೆ ಕೂಡಿಸುವ ಚಿಹ್ನೆ (+) ಹಾಕುತ್ತಾರೆ. ಗೂಗಲ್ ಅದನ್ನು 2011ರಲ್ಲೇ ತೆಗೆದುಹಾಕಿತು, ಅದರ ಕೆಲಸ ಈಗ ಉದ್ಧರಣ ಚಿಹ್ನೆ ಮಾಡುತ್ತದೆ. ಒಂದು ಪುಟಕ್ಕೆ ಕೊಂಡಿ ಕೊಟ್ಟಿರುವ ಬೇರೆ ಪುಟಗಳನ್ನು ತೋರಿಸುತ್ತಿದ್ದ ‘ಲಿಂಕ್:’ 2017ರಲ್ಲಿ ಹೋಯಿತು. ಪುಟದ ಹಳೆಯ ಪ್ರತಿ ತೋರಿಸುತ್ತಿದ್ದ ‘ಕ್ಯಾಶ್:’ 2024ರಲ್ಲಿ ಹೋಯಿತು. ಅದಕ್ಕೆ ಬದಲಾಗಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ಗೆ ಪುಟದ ವಿಳಾಸ ಕೊಟ್ಟು ನೋಡಿ. ಮುಚ್ಚಿಹೋದ ಸಂಘದ ತಾಣವೊಂದರ ಪುಟಗಳು ನನಗೆ ಸಿಕ್ಕಿದ್ದು ಹಾಗೆ.

ಸರಕೇ ಅಲ್ಲಿಲ್ಲದಿದ್ದರೆ

ಕೊನೆಯ ಪರೀಕ್ಷೆ. ಬೇರೆ ಪದ ಏನೂ ಇಲ್ಲದೆ ‘ಸೈಟ್:’ ಆಜ್ಞೆಗೆ ತಾಣದ ವಿಳಾಸ ಮಾತ್ರ ಕೊಡಿ. ಪುಟಗಳು ಬಂದರೆ ಗೂಗಲ್‌ಗೆ ಆ ತಾಣ ಗೊತ್ತು. ಒಂದೂ ಬರದಿದ್ದರೆ ದೋಷ ನಿಮ್ಮ ಚಿಹ್ನೆಗಳಲ್ಲಿ ಇರಲಾರದು. ಬಿಂಗ್ ಎಂಬ ಇನ್ನೊಂದು ಹುಡುಕುತಾಣದಲ್ಲಿ ಒಮ್ಮೆ ಇದೇ ಸಾಲು ಹಾಕಿ ನೋಡಿ, ಅದರ ಪಟ್ಟಿಯೇ ಬೇರೆ. ವಾಟ್ಸ್‌ಆಪ್ ಗುಂಪಿನ ಮಾತು, ಲಾಗಿನ್ ಕೇಳುವ ಪುಟ, ಯಾರೂ ಸ್ಕ್ಯಾನ್ ಮಾಡದ ಸಂಚಿಕೆ ಇವುಗಳೊಳಗೆ ಯಾವ ಚಿಹ್ನೆಯೂ ಇಣುಕಲಾರದು.

ಅಪ್ಪ ಓದಿದ ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಇನ್ನೂ ಸಿಕ್ಕಿಲ್ಲ. ತಂಗಿಯ ಮಗಳು ತನ್ನ ನೋಟ್‌ಬುಕ್ಕಿನಲ್ಲಿ ಅದರ ಹೆಸರು ಬರೆದು, ಕೆಳಗೆ ನಾವು ಹುಡುಕಿದ ಏಳು ರೂಪಗಳನ್ನೂ ಹುಡುಕಿದ ತಾರೀಖನ್ನೂ ಹಾಕಿದ್ದಾಳೆ. ‘ಇಲ್ಲ’ ಎಂದು ಬರೆದಿದ್ದಳು, ಅದನ್ನು ಹೊಡೆದು ‘ಸಿಕ್ಕಿಲ್ಲ’ ಎಂದು ತಿದ್ದಿದಳು. ಶನಿವಾರ ಅವಳು ಮಾಟುಂಗಕ್ಕೆ ಬರುತ್ತಾಳೆ. ಗ್ರಂಥಾಲಯದ ಹಿಂದಿನ ಕೋಣೆಯ ಎರಡು ಕಪಾಟುಗಳು ಪಟ್ಟಿಗೆ ಸೇರದೆ ಉಳಿದಿವೆ, ಬೀಗದ ಕೈ ಕೇಳಿಟ್ಟಿದ್ದೇನೆ.